ರೆಗ್ಯುಲೇಟರ್ ಇರೋ ಪಿಸಿಪಿ: ಮೊದಲನೇ ಪೆಲೆಟ್ ಮಾತ್ರ 16.27 ಜೂಲ್ ದಾಟ್ತದ, ಯಾಕ?

ಕಲಬುರಗಿ_177:
.177 ಇಂಚಿನ ಪಿಸಿಪಿ ರೈಫಲ್ (ಸಿಲಿಂಡರಿನಾಗ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯೋದು), ಒತ್ತಡ ಒಂದೇ ಸಮ ಇಡೋ ರೆಗ್ಯುಲೇಟರ್ ಅದ, 0.547 ಗ್ರಾಂ ಪೆಲೆಟ್ (ಸೀಸದ ಗುಂಡು). ಫೀಲ್ಡ್ ಟಾರ್ಗೆಟ್ (ಏರ್ ರೈಫಲ್ ಗುರಿ ಸ್ಪರ್ಧೆ) ಮಿತಿ 12 ಫುಟ್-ಪೌಂಡ್, ಅಂದ್ರ 16.27 ಜೂಲ್ ಒಳಗ ಕೂಡಿಸಬೇಕಾಗ್ಯದ. ಮುಂಜಾನೆ ಹತ್ತು ಹೊಡೆತನೂ ಸೆಕೆಂಡಿಗೆ 238 ಮೀಟರ್ ಆಸುಪಾಸು. ಮಧ್ಯಾಹ್ನ ಒಂದು ತಾಸು ಬಿಟ್ಟು ಹೊಡದ್ರ ಮೊದಲನೇದು 246, ಮುಂದಿನವು ಮತ್ತ 238. ಬೆಳಕಿನ ಸೆನ್ಸರ್ ಇರೋ ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯೋ ಯಂತ್ರ), ಮಾಳಗಿ ಮ್ಯಾಲ ಇಟ್ಟದ್ದು. ತಪ್ಪು ಯಂತ್ರದ್ದೋ ರೈಫಲ್‌ದ್ದೋ? ಹ್ಯಾಮರ್ (ವಾಲ್ವಿಗೆ ಬಡಿದು ತೆರೆಯೋ ಭಾಗ) ಸ್ಕ್ರೂ ಸಡಿಲ ಮಾಡಿದ್ರ ಸಾಕಾಗ್ತದೇನು?

ಬೀದರ್_ಪೆಲೆಟ್:
ಮೊದಲು ಲೆಕ್ಕ ನೋಡ್ರಿ. ತೂಕ ಕಿಲೋದಾಗ ತಗೊಂಡು ವೇಗದ ವರ್ಗದಿಂದ ಗುಣಿಸ್ರಿ, ಅದರ ಅರ್ಧ. 238ಕ್ಕ 15.5 ಜೂಲ್, 246ಕ್ಕ 16.55. ವೇಗ 1% ಹೆಚ್ಚಾದ್ರ ಶಕ್ತಿ 2% ಹೆಚ್ಚಾಗ್ತದ, ಅದಕ್ಕ ಮಿತಿ ಅಂಚಿನಾಗ ಇರಬ್ಯಾಡ್ರಿ. ಡಬ್ಬಿ ಮ್ಯಾಲಿನ ತೂಕ ನಂಬಬ್ಯಾಡ್ರಿ. 20 ಪೆಲೆಟ್ ಒಟ್ಟಿಗೆ ತೂಗಿ ಸರಾಸರಿ ತಗೋರಿ. ಪಿಸಿಪಿಯಾಗ ಭಾರದ ಪೆಲೆಟ್ ಹಾಕಿದ್ರ ಸಾಮಾನ್ಯವಾಗಿ ಜೂಲ್ ಏರ್ತದ, ಪೆಲೆಟ್ ಬದಲಾದಾಗೆಲ್ಲ ಮತ್ತೊಮ್ಮೆ ಅಳೀಬೇಕು.

ಯಂತ್ರ ಕೆಟ್ಟಿದ್ರ ಮೊದಲನೇದೇ ಯಾಕ ತಪ್ಪಬೇಕು? ಆದ್ರೂ ನೇರ ಬಿಸಿಲು ಸೆನ್ಸರ್ ಮ್ಯಾಲ ಬೀಳಬಾರದು, ನೆರಳಾಗ ಬಿಳಿ ಪರದೆ ಹಾಕ್ರಿ. ಮನಿ ಒಳಗ ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿಣಕ್ತದ, ಅಂಕಿ ಹಾರ್ತಾವ. ಬ್ಯಾಟರಿ ದೀಪ ಚಲೋ. ನಳಿಗೆ ತುದಿ ಮೊದಲ ಸೆನ್ಸರಿಂದ ಒಂದು ಮೀಟರ್ ದೂರ ಇರ್ಲಿ, ಇಲ್ಲಂದ್ರ ಗಾಳಿ ಹೊಡೆತಾನೇ ಅಳೀತದ. ಶಹಾಬಾದ್ ಪರ್ಸಿ ಮ್ಯಾಲ, ಗ್ವಾಡಿ ಕಡೆ ಹೊಡೀಬ್ಯಾಡ್ರಿ, ಸೀಸ ಹಿಂದಕ್ಕ ಸಿಡೀತದ. ಬಟ್ಟೆ ತುಂಬಿದ ಪೆಟ್ಟಿಗೆ ಇಟ್ಟು ಕನ್ನಡಕ ಹಾಕ್ಕೋರಿ.

ಯಾದಗಿರಿ_ವರ್ಕ್‌ಶಾಪ್:
ಇದಕ್ಕ ಎರಡು ಕಾರಣ ಇರಬಹುದು, ಎರಡನ್ನೂ ಬ್ಯಾರೆ ಮಾಡಬೇಕು.

ಒಂದು ಬಿಸಿಲು. ರೆಗ್ಯುಲೇಟರ್ ದಾಟಿದ ಗಾಳಿ ವಾಲ್ವ್ ಮುಂದಿನ ಸಣ್ಣ ಕೋಣ್ಯಾಗ ಸಿಕ್ಕಿರ್ತದ. ಮುಂಜಾನೆ 25 ಡಿಗ್ರಿಯಾಗ 130 ಬಾರ್ ಇದ್ದದ್ದು 45 ಡಿಗ್ರಿಗೆ ಸುಮಾರು 139 ಆಗ್ತದ. ಒಂದು ಹೊಡೆತದಾಗ ಅದು ಖಾಲಿ, ಮುಂದಿನವು ಸರಿ. ಇಲ್ಲಿ ರೆಗ್ಯುಲೇಟರ್ ತಪ್ಪಿಲ್ಲ.

ಎರಡನೇದು ಕ್ರೀಪ್. ರೆಗ್ಯುಲೇಟರ್ ಸೀಟ್ (ಗಾಳಿ ತಡೆಯೋ ಮುಚ್ಚುವ ಭಾಗ) ಪೂರಾ ಮುಚ್ಚಂಗಿಲ್ಲ, ಸಿಲಿಂಡರ್ ಗಾಳಿ ಸಣ್ಣಗೆ ಒಳಗ ಸೋರ್ತದ. ಕೈ ಪಂಪಿನ ತೇವ, ನಮ್ಮ ಕಡಿ ಎರಿಭೂಮಿ ಧೂಳಿನ ಕಣ, ಗೀರಿದ ಒ-ರಿಂಗ್ (ಸೋರದಂಗ ತಡೆಯೋ ರಬ್ಬರ್ ಉಂಗುರ), ಯಾವುದಾದ್ರೂ ಆಗಬಹುದು.

ತಿಳಕೊಳ್ಳೋದು ಸುಲಭ. ತಾಪಮಾನ ಬದಲಾಗದ ಕೋಣ್ಯಾಗ ಹತ್ತು ಹೊಡೀರಿ. 15 ನಿಮಿಷ ಬಿಟ್ಟು ಒಂದು, ಮತ್ತ ಒಂದು ತಾಸು ಬಿಟ್ಟು ಒಂದು. ಮೊದಲನೇದು ಅಲ್ಲೂ ಜಿಗಿದ್ರ ಕ್ರೀಪ್. ರೆಗ್ಯುಲೇಟರ್ ಗೇಜ್ ಇದ್ರ ಮುಳ್ಳು ತೆವಳೋದು ಕಣ್ಣಿಗೇ ಕಾಣ್ತದ.

ಹ್ಯಾಮರ್ ಸಡಿಲ ಮಾಡಬ್ಯಾಡ್ರಿ. ಅತಿ ಸಡಿಲ ಆದ್ರ ಹೆಚ್ಚಿದ ಒತ್ತಡ ವಾಲ್ವ್ ಪೂರಾ ತೆರೀದಂಗ ಹಿಡೀತದ, ಮೊದಲ ಹೊಡೆತ ನಿಧಾನ ಆಗ್ತದ, ರೋಗ ಮುಚ್ಚಿಹೋಗ್ತದ.

ಕಲಬುರಗಿ_177:
ಕೋಣ್ಯಾಗ 15 ನಿಮಿಷಕ್ಕ 240, ಒಂದು ತಾಸಿಗೆ 245.

ಯಾದಗಿರಿ_ವರ್ಕ್‌ಶಾಪ್:
ಹಂಗಾದ್ರ ಕ್ರೀಪೇ. ಗಾಳಿ ಪೂರಾ ಬಿಟ್ಟು, ರೆಗ್ಯುಲೇಟರಿನ ಎರಡೂ ಕಡೆ, ಸಿಲಿಂಡರಿನಾಗೂ ವಾಲ್ವ್ ಕೋಣ್ಯಾಗೂ, ಒತ್ತಡ ಸೊನ್ನೆ ಆಗ್ಯದಂತ ಖಾತ್ರಿ ಮಾಡಿಕೊಂಡೇ ಬಿಚ್ಚಿರಿ. ಸೀಟ್ ಮ್ಯಾಲ ಗೀರು ಅದಾವೇನು ಭೂತಗನ್ನಡಿಯಿಂದ ನೋಡ್ರಿ, ಒ-ರಿಂಗ್ ಬದಲಾಯಿಸ್ರಿ. ವಾಷರ್ ಇದ್ದ ದಿಕ್ಕು, ಕ್ರಮ ಬಿಚ್ಚೋ ಮುಂಚೆ ಫೋಟೋ ತಗೋರಿ. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಕೂದಲೆಳೆಯಷ್ಟು; ಪೆಟ್ರೋಲಿಯಂ ಎಣ್ಣೆ ಹೆಚ್ಚಿನ ಒತ್ತಡದ ಗಾಳ್ಯಾಗ ಹೊತ್ತಿಕೊಳ್ತದ. ಪಂಪಿಗೆ ತೇವ ಹೀರೋ ಫಿಲ್ಟರ್ ಹಾಕ್ರಿ. ಆಮ್ಯಾಲ 235ಕ್ಕ ಕೂಡಿಸ್ರಿ, 15.1 ಜೂಲ್ ಆಗ್ತದ. ಸ್ಪರ್ಧೆ ದಿನ ರೈಫಲ್ ಕಾರಿನಾಗ ಬಿಸಿಲಿಗೆ ಬಿಡಬ್ಯಾಡ್ರಿ, ಕ್ರೀಪ್ ಹೋದ್ರೂ ಆ ಮೊದಲ ಕಾರಣ ಹೋಗಂಗಿಲ್ಲ.