ಅಂಬಾಸಡರ್ ಎಸ್‌ಯು ಕಾರ್ಬುರೇಟರ್: ಪ್ಲಗ್ಗಿಗೆ ಮಸಿ, ಗಾಡಿಗೆ ಪಿಕಪ್ ಇಲ್ಲ

ಪ್ರಶ್ನೆ, ತುಮಕೂರು

ಮಾರ್ಕ್ 4 ಅಂಬಾಸಡರ್, 1489 ಸಿಸಿ ಪೆಟ್ರೋಲ್, ಒಂದು ಎಸ್‌ಯು ಕಾರ್ಬುರೇಟರ್. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಸ್ಲೋ ರನ್ನಿಂಗ್ ನಿಲ್ಲುವುದಿಲ್ಲ. ನಾಲ್ಕೂ ಪ್ಲಗ್ ಮಸಿ. ಹೊಸ ಕಿಟ್ ಹಾಕಿ ಆಗಿದೆ. ಪೆಟ್ರೋಲ್ ಬರುವ ಜೆಟ್ ಎಷ್ಟು ಸುತ್ತು ಇಳಿಸಬೇಕು? ಅದರೊಳಗೆ ಇಳಿಯುವ ನೀಡಲ್ ಬದಲಿಸಬೇಕೇ?

ಉತ್ತರ, ಮೈಸೂರು

ಸದ್ಯಕ್ಕೆ ಎರಡನ್ನೂ ಮುಟ್ಟಬೇಡಿ ಸರ್. ಕಾರ್ಬುರೇಟರಿನ ಗಂಟೆಯಂಥ ಭಾಗದ ತುದಿಯ ಮುಚ್ಚಳ ತಿರುಗಿಸಿ ಡ್ಯಾಂಪರ್ ಮೇಲೆತ್ತಿ ನೋಡಿ. ಎಣ್ಣೆ ಒಣಗಿರಬೇಕು. ಎಸ್‌ಯುಗೆ ಆಕ್ಸಿಲರೇಟರ್ ಪಂಪ್ ಇಲ್ಲ, ಆ ಕೆಲಸವನ್ನು ಈ ಎಣ್ಣೆಯೇ ಮಾಡುತ್ತದೆ. ಥ್ರಾಟಲ್ ತೆರೆದಾಗ ಕಾರ್ಬುರೇಟರ್ ಒಳಗಿನ ಪಿಸ್ಟನ್ ಸರಕ್ಕನೆ ಏಳದಂತೆ ತಡೆಯುತ್ತದೆ. ಆ ಹೊತ್ತಿಗೆ ಜೆಟ್ ಮೇಲೆ ಗಾಳಿಯ ವೇಗ ಹೆಚ್ಚಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಜಿಗಿದು ಮಿಶ್ರಣ ತೆಳುವಾಗುತ್ತದೆ, ಗಾಡಿ ಮುಗ್ಗರಿಸುತ್ತದೆ. ಅದನ್ನು ಮುಚ್ಚಿಹಾಕಲು ಯಾರೋ ಪೆಟ್ರೋಲ್ ಹೆಚ್ಚು ಬರಲೆಂದು ಜೆಟ್ ಇಳಿಸಿರುತ್ತಾರೆ. ಮಸಿ ಅಲ್ಲಿಂದ ಬಂದದ್ದು. ಒಂದೇ ಗಾಡಿಯಲ್ಲಿ ಎರಡು ವಿರುದ್ಧ ಲಕ್ಷಣ ಕಂಡರೆ ಹೆಚ್ಚಾಗಿ ಇದೇ ಕಥೆ.

ಎಸ್‌ಎಇ 20 ಇಂಜಿನ್ ಆಯಿಲ್ ಹಾಕಿ. ಸಿಗದಿದ್ದರೆ 20ಡಬ್ಲ್ಯು50 ನಡೆಯುತ್ತದೆ. ಡ್ಯಾಂಪರ್ ಇಳಿಸುವಾಗ ಮುಚ್ಚಳ ಕೂರಲು ಸುಮಾರು 6 ಮಿ.ಮೀ. ಬಾಕಿ ಇರುವಾಗ ಕೈಗೆ ತಡೆ ಸಿಗಬೇಕು, ಅಷ್ಟು ಸಾಕು. 90ರ ಗೇರ್ ಆಯಿಲ್ ಹಾಕಿದರೆ ಪಿಸ್ಟನ್ ಏಳಲು ತಡವಾಗಿ ಒತ್ತಿದಾಗಲೆಲ್ಲ ಕಪ್ಪು ಹೊಗೆ ಬರುತ್ತದೆ.

ಉತ್ತರ, ಹುಬ್ಬಳ್ಳಿ

ಎಣ್ಣಿ ಮಾತು ಖರೆ. ಆದ್ರ ಜೆಟ್ ಮುಟ್ಟೂಕಿಂತ ಮೊದ್ಲ ಕರೆಂಟ್ ಕಡೆ ನೋಡ್ರಿ. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಾಗ 15 ಪಾಲು), ಅಂದ್ರ 0.38 ಮಿ.ಮೀ. ಪ್ಲಗ್ ಗ್ಯಾಪ್ 25 ಥೌ. ಟ್ಯಾಪೆಟ್, ಟೈಮಿಂಗ್ ಸರಿ ಇರಬೇಕು. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಬಿರುಕು ಬಿಟ್ಟಿದ್ರ ಅಲ್ಲಿಂದನೂ ಗಾಳಿ ಒಳಗ ಹೋಗ್ತದ.

ಸ್ಲೋ ನಿಲ್ಲವಲ್ದು ಅಂದ್ರ ಥ್ರಾಟಲ್ ಸ್ಪಿಂಡಲ್ ಹಿಡದು ಅಲ್ಲಾಡಿಸ್ರಿ. ಆಟ ಇದ್ರ ಗಾಳಿ ಎಳೀತದ. ಇಂಜಿನ್ ನಡೀತಿರುವಾಗ ಸ್ಪಿಂಡಲ್ ತುದಿಗೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗೆ ಕಾರ್ಬ್ ಕ್ಲೀನರ್ ಸ್ವಲ್ಪ ಹೊಡೀರಿ, ಬಿಸಿ ಸೈಲೆನ್ಸರ್ ಪೈಪಿಗೆ ಬೀಳಬಾರ್ದು. ಇಂಜಿನ್ ಸಪ್ಪಳ ಬದಲಾದ್ರ ಅಲ್ಲೇ ಲೀಕ್. ಸ್ಪಿಂಡಲ್ ಸವೆದಿದ್ರ ಯಾವ ಟ್ಯೂನಿಂಗೂ ನಿಲ್ಲಂಗಿಲ್ಲ, ಬುಶ್ ಹಾಕಿಸಲೇಬೇಕು. ಚೋಕ್ ಕೇಬಲ್ ಒಂದ್ ಚೂರು ಸಡಿಲ ಇರ್ಲಿ. ಬಿಗಿ ಇದ್ರ ಜೆಟ್ ಪೂರ್ತಿ ಮ್ಯಾಲ ಬರಂಗಿಲ್ಲ, ಆಗೂ ಮಸಿನ.

ಮತ್ತೆ ಪ್ರಶ್ನೆ, ತುಮಕೂರು

ಎಣ್ಣೆ ಒಂದು ಹನಿಯೂ ಇರಲಿಲ್ಲ. ಈಗ ಪಿಸ್ಟನ್ ಬೆರಳಲ್ಲಿ ಎತ್ತಿ ಬಿಟ್ಟರೆ ಟಕ್ ಅನ್ನದೆ ಮೆತ್ತಗೆ ಕೂರುತ್ತದೆ. ಇದು ಸರಿಯೇ?

ಉತ್ತರ, ಮಂಗಳೂರು

ಡ್ಯಾಂಪರ್ ಹೊರಗೆ ತೆಗೆದಿಟ್ಟು ಮತ್ತೊಮ್ಮೆ ಬಿಟ್ಟು ನೋಡಿ, ಎಣ್ಣೆ ಇದ್ದಾಗ ಟಕ್ ಮೆತ್ತಗಾಗಬಹುದು. ಆಗಲೂ ಟಕ್ ಇಲ್ಲವಾದರೆ ಡ್ಯಾಶ್‌ಪಾಟ್ (ಆ ಗಂಟೆಯಂಥ ಭಾಗ) ಒಳಗೆ ಕೊಳೆ, ಇಲ್ಲವೇ ನೀಡಲ್ ಜೆಟ್ಟಿಗೆ ಉಜ್ಜುತ್ತಿದೆ. ಡ್ಯಾಶ್‌ಪಾಟ್ ಪೆಟ್ರೋಲಿನಲ್ಲಿ ತೊಳೆಯಿರಿ, ಉಪ್ಪುಕಾಗದ ಮಾತ್ರ ತಾಗಿಸಬೇಡಿ. ಕಿಟ್ ಹಾಕಿದವರು ನೀಡಲ್ ಉಜ್ಜದಂತೆ ಜೆಟ್ ಸೆಂಟರ್ ಮಾಡದೆ ಬಿಟ್ಟಿರುವುದೂ ಇದೆ. ಜೆಟ್ ಪೂರ್ತಿ ಮೇಲಿಟ್ಟು ಒಮ್ಮೆ, ಕೆಳಗೆ ಎಳೆದು ಒಮ್ಮೆ ಪಿಸ್ಟನ್ ಬಿಡಿ. ಕೆಳಗಿದ್ದಾಗ ಮಾತ್ರ ಟಕ್ ಜೋರಾದರೆ ಸೆಂಟರ್ ತಪ್ಪಿದೆ. ಅಡ್ಜಸ್ಟಿಂಗ್ ನಟ್ಟಿನ ಸ್ಪ್ರಿಂಗ್ ತೆಗೆದು ನಟ್ ಪೂರ್ತಿ ಏರಿಸಿ. ಮೇಲಿನ ಲಾಕ್ ನಟ್ ಸಡಿಲಿಸಿ, ಡ್ಯಾಂಪರ್ ತೂತಿನಿಂದ ಪೆನ್ಸಿಲ್ ಇಳಿಸಿ ಪಿಸ್ಟನ್ ಅದುಮಿ ಹಿಡಿದು ಲಾಕ್ ಬಿಗಿ ಮಾಡಿ. ಒಂದೇ ಸಲಕ್ಕೆ ಸರಿಹೋಗುವುದು ಅಪರೂಪ.

ಈಗ ಜೆಟ್. ಅದರ ತುದಿ ಬ್ರಿಡ್ಜಿನ (ಪಿಸ್ಟನ್ ಕೂರುವ ದಿಬ್ಬದ) ಮಟ್ಟಕ್ಕೆ ಬರುವಷ್ಟು ನಟ್ ಏರಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಆರು ಮುಖದ ನಟ್ಟಿನ 12 ಮುಖ ಇಳಿಸಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪಿಸ್ಟನ್ ಎತ್ತುವ ಪಿನ್ನಿನಿಂದ 0.8 ಮಿ.ಮೀ. ಮಾತ್ರ ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ ಒಂದು ಮುಖ ಮೇಲಕ್ಕೆ. ತಕ್ಷಣ ಕುಸಿದರೆ ಕಡಿಮೆ, ಒಂದು ಮುಖ ಕೆಳಕ್ಕೆ. ಚೂರು ಏರಿ ಮತ್ತೆ ಇಳಿದರೆ ಸರಿ. ನಟ್ ತಿರುಗಿಸಿದಾಗಲೆಲ್ಲ ಜೆಟ್ಟನ್ನು ಕೈಯಿಂದ ಮೇಲಕ್ಕೆ ಒತ್ತಿ, ಒಮ್ಮೆ ರೇಸ್ ಮಾಡಿ ಪರೀಕ್ಷಿಸಿ.

ಉತ್ತರ, ದಾವಣಗೆರೆ

ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಬಗ್ಗೆ ಯಾರೂ ಹೇಳಲಿಲ್ಲ. ಫ್ಲೋಟ್ ಚೇಂಬರಿನ ಮುಚ್ಚಳ ತಲೆಕೆಳಗೆ ಮಾಡಿ, ನೈಲಾನ್ ಫ್ಲೋಟ್ ಲಿವರಿಗೂ ಮುಚ್ಚಳದ ಅಂಚಿಗೂ ನಡುವೆ 3 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ನೋಡಿ. ಅಂತರ ಕಡಿಮೆಯಾದರೆ ಪೆಟ್ರೋಲ್ ಮಟ್ಟ ಏರಿ ಮಸಿ ಕಟ್ಟುತ್ತದೆ, ಜಾಸ್ತಿಯಾದರೆ ಮಟ್ಟ ಇಳಿಯುತ್ತದೆ.

ಇನ್ನೊಂದು, ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಗಾಳಿಯ ಪಾಲು ತೂಕದಲ್ಲಿ 14.7ಕ್ಕೆ 1, ಇ20ಗೆ ಸುಮಾರು 13.5ಕ್ಕೆ 1. ಅದಕ್ಕೇ ಹಳೇ ಸೆಟ್ಟಿಂಗ್ ತೆಳುವಾಗಿ ಕಾಣುತ್ತದೆ, ಒಂದೆರಡು ಮುಖ ಇಳಿಸಬೇಕಾಗಿ ಬರಬಹುದು. ಮುಖ್ಯವಾಗಿ ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಬದಲಿಸಿ. ಎಥನಾಲ್ ಅವನ್ನು ಮೆತ್ತಗೆ ಮಾಡಿ ಕಪ್ಪು ಪುಡಿ ಫ್ಲೋಟ್ ನೀಡಲ್‌ವರೆಗೂ ಬರುತ್ತದೆ.

ಟ್ಯೂನಿಂಗ್ ಆದಮೇಲೆ ಖಾಲಿ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಓಡಿಸಿ ಪ್ಲಗ್ ತೆಗೆದು ನೋಡಿ. ತುದಿಯ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿರಬೇಕು. ಬಿಳಿಯಾಗಿದ್ದರೆ ಜೆಟ್ ಒಂದು ಮುಖ ಇಳಿಸಿ. ಇನ್ನೂ ಮಸಿಯಿದ್ದರೆ ಫ್ಲೋಟ್ ನೀಡಲ್ ಒಳಗಿಂದ ಪೆಟ್ರೋಲ್ ಸೋರುತ್ತಿದೆಯೇ ಅಂತ ಮೊದಲು ನೋಡಿ.