‘ತಾಳಿದವನು ಬಾಳಿಯಾನು’: ತಾಳಿಗೂ ಇದಕ್ಕೂ ಏನು ನಂಟು?

ಮೊನ್ನೆ ನೆಂಟರ ಮದುವೆಯಲ್ಲಿ ಧಾರೆ ಮುಗಿದ ಮೇಲೆ ಹಿರಿಯರೊಬ್ಬರು ಮದುಮಗಳಿಗೆ, ‘ತಾಳಿದವಳು ಬಾಳಿಯಾಳು ಎಂದು ಸುಮ್ಮನೆ ಹೇಳಿಲ್ಲ ಮಗಳೇ, ಕೊರಳಲ್ಲಿ ತಾಳಿ ಇದ್ದವಳೇ ಬಾಳುವುದು’ ಎಂದರು. ಅಕ್ಷತೆ ಹಿಡಿದು ಸಾಲಿನಲ್ಲಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅಲ್ಲಿ ವ್ಯಾಕರಣ ತೆಗೆದಿದ್ದರೆ ಊಟಕ್ಕೆ ಎಲೆ ಸಿಗುತ್ತಿರಲಿಲ್ಲ.

ಕೊರಳಿನ ತಾಳಿ ನಾಮಪದ. ‘ತಾಳಿದ’ ಎಂಬುದು ‘ತಾಳು’ ಧಾತುವಿನಿಂದ ಬಂದದ್ದು. ಬೇಡಿದ, ಓಡಿದ ಇದ್ದ ಹಾಗೆ. ತಾಳಿ ಕಟ್ಟಿಸಿಕೊಂಡವಳು ‘ತಾಳಿದವಳು’ ಆಗುವುದಾದರೆ ಬಳೆ ತೊಟ್ಟವಳನ್ನು ‘ಬಳೆದವಳು’ ಎನ್ನಬೇಕಾದೀತು.

ತಾಳು ಎಂಬುದಕ್ಕೆ ಅರ್ಥಗಳು ಹಲವು. ‘ತಾಳಯ್ಯ, ಬಂದೆ’ ಎಂದರೆ ಕಾಯುವುದು. ‘ನೋವು ತಾಳಲಾರೆ’ ಎಂದರೆ ಸಹಿಸುವುದು. ‘ಈ ಹಗ್ಗ ಅಷ್ಟು ಭಾರ ತಾಳೀತೇ?’ ಎಂದರೆ ಹರಿಯದೆ ಉಳಿಯುವುದು. ಗಾದೆಯಲ್ಲಿ ನನಗೆ ಕೇಳಿಸುವುದು ಈ ಹಗ್ಗದ ತಾಳುವಿಕೆಯೇ. ಜವಳಿ ಅಂಗಡಿಯಲ್ಲಿ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ‘ಬಾಳಿಕೆ ಬರುತ್ತದೆಯೇ?’ ಎಂದು ಕೇಳುತ್ತೇವಲ್ಲ, ಆ ಬಾಳಿಕೆಯೂ ಈ ಬಾಳಿನದೇ.

ಇನ್ನು ಗಾದೆಯ ವಯಸ್ಸು. ಹಳಗನ್ನಡದಲ್ಲಿ ‘ತಾಳ್’ ಎಂಬುದಕ್ಕೆ ಈಗಿನ ಳಕಾರ. ಬಾಳಿಗೆ ಮಾತ್ರ ಈಗ ಬಳಕೆ ತಪ್ಪಿರುವ ಹಳೆಯ ಅಕ್ಷರ ೞಕಾರ, ‘ಬಾೞ್’. ತಮಿಳರಿಗೆ ಇಂದಿಗೂ ಅದು ‘ವಾೞ್’. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಯೇ ಹೇಳುತ್ತಾನೆ. ಕಿವಿ ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತಿದ್ದ ಕಾಲದಲ್ಲಿ ತಾಳಿ–ಬಾೞಿ ಪ್ರಾಸ ಪೂರ್ತಿ ಕೂಡುವುದಿಲ್ಲ. ಹಾಗಾಗಿ ೞ ಹೋಗಿ ಳದಲ್ಲಿ ಸೇರಿಕೊಂಡ ಮೇಲೆಯೇ ಈ ಮಾತು ಹುಟ್ಟಿರಬೇಕು ಎಂದು ನನ್ನ ಊಹೆ. ಗಾದೆಗೆ ಛಂದಸ್ಸಿನ ಮಡಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಬಿಡಿ.

ನನಗೆ ನಿಜವಾಗಿ ತಕರಾರಿರುವುದು ‘ಬಾಳಿಯಾನು’ ಬಗ್ಗೆ. ಶಾಲೆಯಲ್ಲಿ ‘ತಾಳ್ಮೆಯಿದ್ದವನು ಚೆನ್ನಾಗಿ ಬಾಳುತ್ತಾನೆ’ ಎಂದು ಅರ್ಥ ಬರೆಸುತ್ತಾರೆ. ಆದರೆ ‘ಬಾಳಿಯಾನು’ ಎಂಬುದು ಸಂಭಾವನಾರ್ಥಕ, ಅಂದರೆ ‘ಆಗಬಹುದು’ ಎನ್ನುವ ರೂಪ ಅಲ್ಲವೇ? ‘ಸಂಜೆಗೆ ಮಳೆ ಬಂದೀತು’ ಎಂದವನು ಮಳೆಗೆ ಜಾಮೀನು ನಿಲ್ಲುವುದಿಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವಾಗಲೂ ಇದೇ ರೂಪ. ತಮಿಳಿನಲ್ಲಿ ‘ಪೊರುತ್ತಾರ್ ಭೂಮಿ ಆಳ್ವಾರ್’ ಎನ್ನುತ್ತಾರೆ: ಸಹಿಸಿದವರು ಭೂಮಿಯನ್ನೇ ಆಳುವರು. ಅಲ್ಲಿ ರಾಜ್ಯವೇ ಸಿಗುತ್ತದೆ, ಅದೂ ಖಚಿತವಾಗಿ. ನಮ್ಮ ಗಾದೆ ಕೊಡುವುದು ಬರೀ ಬಾಳು, ಅದೂ ‘ಆದರೆ ಆದೀತು’ ಎಂಬಷ್ಟು. ಈ ಜುಗ್ಗತನವೇ ನನಗೆ ಇಷ್ಟ. ಅರ್ಥ ಬರೆಸುವವರು ಅದನ್ನೇ ಅಳಿಸಿಬಿಡುತ್ತಾರೆ.

‘ತಾಳಿದವನು ಬಾಳುವನು’ ಎಂದೋ ‘ಬಾಳುತ್ತಾನೆ’ ಎಂದೋ ನಿಮ್ಮ ಕಡೆಯ ಹಿರಿಯರು ಹೇಳುವುದುಂಟೇ? ಪಠ್ಯಪುಸ್ತಕದಲ್ಲಿ ಓದಿದ್ದು ಬೇಡ, ಮನೆಯಲ್ಲಿ ಕೇಳಿದ್ದು ಬೇಕು. ಊರಿನ ಹೆಸರೂ ಇರಲಿ.