ಬೈಪ್ಲೇನ್‌ಗೆ ಕನ್ನಡದಲ್ಲಿ ಏನು? ನಾಳೆಗೆ ಬೇಕು

ಧಾರವಾಡದಿಂದ:
ಶಾಲೆಯ ಪ್ರದರ್ಶನಕ್ಕೆ ಟೈಗರ್ ಮಾತ್ ಎಂಬ ಬೈಪ್ಲೇನ್ ವಿಮಾನದ ಮಾದರಿ ಮಾಡಿದ್ದೇವೆ. ವಾಯುಪಡೆಯ ಹಳೆಯ ತರಬೇತಿ ವಿಮಾನ. ಅಂಥದ್ದೊಂದನ್ನು ಸರಿಪಡಿಸಿ 2012ರ ವಾಯುಪಡೆ ದಿನದಂದು ದೆಹಲಿ ಹತ್ತಿರದ ಹಿಂಡನ್ ವಾಯುನೆಲೆಯಲ್ಲಿ ಹಾರಿಸಿದರು. ಫಲಕಕ್ಕೆ 'ದ್ವಿರೆಕ್ಕೆ ವಿಮಾನದ ಜೀರ್ಣೋದ್ಧಾರ' ಅಂತ ಬರೆದಿದ್ದೇನೆ. ಸರಿನಾ? ರೆಕ್ಕೆಗೆ ಹೊದಿಸಿದ ಬಟ್ಟೆಗೆ ಬಳಿಯುವ ಡೋಪ್‌ಗೂ ಒಂದು ಪದ ಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ.

ಗದಗದಿಂದ:
ದ್ವಿರೆಕ್ಕೆ ಬೇಡವೇ ಬೇಡ. ಅರಿಸಮಾಸ, ಸಂಸ್ಕೃತದ 'ದ್ವಿ'ಯನ್ನು ಕನ್ನಡದ ಪದಕ್ಕೆ ಗಂಟು ಹಾಕಿದ್ದು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಅದನ್ನು ಬಿರುದುಗಳಿಗೂ ಹಳೆ ಕವಿಗಳ ಪ್ರಯೋಗಕ್ಕೂ ಬಿಟ್ಟುಕೊಟ್ಟ, ಫಲಕಕ್ಕಲ್ಲ. ರೆಕ್ಕೆ ಅಚ್ಚಕನ್ನಡ, ಹಳಗನ್ನಡದ 'ಎಱಕೆ'. ಇಮ್ಮಡಿ, ಇಬ್ಬದಿ ಇದ್ದ ಹಾಗೆ 'ಇರ್ರೆಕ್ಕೆ' ಅನ್ನಿ.

ಹುಬ್ಬಳ್ಳಿಯಿಂದ:
ಇರ್ರೆಕ್ಕೆ ಯಾವ ಮಗುವಿನ ಬಾಯಲ್ಲೂ ನಿಲ್ಲಲ್ಲ. ಸಮಾಸ ಆಮೇಲೆ, ಮೊದಲು ಅರ್ಥ ನೋಡಿ. ಎರಡು ರೆಕ್ಕೆ ಕಾಗೆಗೂ ಇದೆ. ಇಲ್ಲಿ ಒಂದರ ಮೇಲೊಂದು ಇವೆ, ನಡುವೆ ಕಂಬ, ಓರೆಯಾಗಿ ಎಳೆದು ಕಟ್ಟಿದ ತಂತಿ. 'ಎರಡಂತಸ್ತಿನ ರೆಕ್ಕೆ' ಅನ್ನಿ, ನೋಡದವರಿಗೂ ತಿಳಿಯುತ್ತೆ.

ಜೀರ್ಣೋದ್ಧಾರವೂ ಬೇಡ. ಲಕ್ಕುಂಡಿಯ ಗುಡಿ ನಿಂತರೆ ಸಾಕು, ವಿಮಾನ ಹಾರಬೇಕು. ಬಟ್ಟೆ ಪೂರ್ತಿ ಬಿಚ್ಚಿ, ರೆಕ್ಕೆಯೊಳಗಿನ ಮರದ ಅಂಟು ಬಿಟ್ಟಿದೆಯಾ, ಮೈಯೊಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದಿದೆಯಾ ಅಂತ ನೋಡ್ತಾರೆ. 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಬಿಚ್ಚಿ ಜೋಡಿಸ್ತಾರೆ. ಕೊನೆಗೆ ಹಾರಿಸಿಯೇ ಪರೀಕ್ಷೆ. ಇಷ್ಟೆಲ್ಲಾ ಕೆಲಸಕ್ಕೆ 'ಮತ್ತೆ ಹಾರುವಂತೆ ಮಾಡಿದ್ದು' ಅಂದರೆ ಏನು ಕಡಿಮೆ?

ಬೆಟಗೇರಿಯಿಂದ:
ಡೋಪ್‌ಗೆ 'ಗಂಜಿ' ಅನ್ನಬಹುದಲ್ವಾ? ನಮ್ಮ ನೇಕಾರರ ಮಾತು. ಇರೋ ಪದ ಬಿಟ್ಟು ಹೊಸದು ಯಾಕೆ?

ಹುಬ್ಬಳ್ಳಿಯಿಂದ:
ಆಗಲ್ಲ. ಗಂಜಿ ನೀರಿಗೆ ಬಿಡುತ್ತೆ. ಡೋಪ್ ಒಣಗ್ತಾ ಕುಗ್ಗುತ್ತೆ, ಬಟ್ಟೆ ಬಾರಿಸುವ ಹಲಗೆಯ ಚರ್ಮದಂತೆ ಬಿಗಿಯುತ್ತೆ, ಮಳೆ ನೀರೂ ಒಳಗಿಳಿಯಲ್ಲ. ಬೇರೆ ವಸ್ತು, ಬೇರೆ ಹೆಸರು. 'ಡೋಪ್' ಅಂತಲೇ ಇಟ್ಟು ಪಕ್ಕದಲ್ಲಿ 'ಬಟ್ಟೆ ಬಿಗಿಸುವ ಲೇಪ' ಅಂತ ಬರೆಯಿರಿ. ಕುರ್ಚಿ ಅರಬ್ಬಿಯಿಂದ ಬಂತು, ಕನ್ನಡ ಕೆಟ್ಟಿತಾ?

ಗದಗದಿಂದ:
ಕುರ್ಚಿಯನ್ನು ಜನ ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಈಗ ಯಾರೂ ಒಗ್ಗಿಸಿಕೊಳ್ಳಲ್ಲ, ಬಂದದ್ದನ್ನು ಬಂದ ಹಾಗೇ ಇಡ್ತಾರೆ. ನನ್ನ ತಕರಾರು ಅಷ್ಟೇ. ಹೆಸರು ಬಂದರೆ ಬರಲಿ. 'ಬಿಗಿಸು', 'ಒಗ್ಗಿಸು' ಇದ್ದೂ 'ಟೈಟ್ ಮಾಡು', 'ಅಡ್ಜಸ್ಟ್ ಮಾಡು' ಅಂತೀವಲ್ಲ, ಅದು ಹೊಟ್ಟೆ ಉರಿಸುತ್ತೆ.

ಧಾರವಾಡದಿಂದ:
'ಎರಡಂತಸ್ತಿನ ರೆಕ್ಕೆಯ ವಿಮಾನ ಮತ್ತೆ ಹಾರಿತು' ಅಂತ ಕೊಟ್ಟಿದ್ದೇನೆ. ಡೋಪ್ ಹಾಗೇ ಉಳೀತು, ಪಕ್ಕದಲ್ಲಿ ಲೇಪದ ಮಾತೂ ಇದೆ. ನಡುವಿನ ಕಂಬಕ್ಕೆ 'ಊರುಗಂಬ' ಅನ್ನಬಹುದಾ? ಸಂಜೆಯೊಳಗೆ ಹೇಳಿ.